ಬಟನ್ ಒತ್ತುವ ಆಟ, ಮೈ ಆಡಿಸುವ ಆಟ



ಈ ಸಲ ವಿಡಿಯೋ ಗೇಮ್ ಬಗ್ಗೆ ಬರೆಯುತ್ತಿದ್ದೇನೆ. ಇದನ್ನು ನೋಡಿ ಫೋನ್ ಪಕ್ಕಕ್ಕಿಡಲು ಹೊರಟ ಅಪ್ಪ ಅಮ್ಮಂದಿರು ದಯವಿಟ್ಟು ಸ್ವಲ್ಪ ತಡೆಯಿರಿ. ಭಾನುವಾರ ಪೂಜೆ ಮುಗಿದ ಮೇಲೆ ನೀವೇ ನಮ್ಮನ್ನು ಕೇಳುವ ಪ್ರಶ್ನೆ ಈ ಲೇಖನದ ಮೂಲ. "ಕೂತಲ್ಲೇ ಹೆಬ್ಬೆರಳು ಆಡಿಸೋದು ಏನ್ ಆಟಾನಪ್ಪ? ಮೈ ಕೈ ಆಡಿಸಿ ಆಡೋ ಗೇಮ್ ಬಂದಿದೆಯಂತಲ್ಲ, ಅದನ್ನಾದ್ರೂ ಆಡಬಾರದಾ?" ಎಂದು ಕೇಳುತ್ತೀರಿ. ಇದೇ ಪ್ರಶ್ನೆಯನ್ನು ಜಗತ್ತಿನ ದೊಡ್ಡ ಗೇಮ್ ಕಂಪನಿಗಳೂ ಕೇಳಿಕೊಂಡಿದ್ದವು. ಅದಕ್ಕೆ ಉತ್ತರವಾಗಿ ಕೋಟಿಗಟ್ಟಲೆ ಯಂತ್ರಗಳನ್ನು ಮಾಡಿ ಮಾರಿದವು. ಕೆಲವು ವರ್ಷ ಇಡೀ ಜಗತ್ತು ನಿಮ್ಮ ಕಡೆಯೇ ಇತ್ತು ಅಂತ ಹೇಳಬಹುದು. ಆಮೇಲೆ ಎಲ್ಲರೂ ಸದ್ದಿಲ್ಲದೆ ಬಟನ್ ಕಡೆಗೆ ವಾಪಸ್ ಬಂದರು. ಏಕೆ ಬಂದರು ಅನ್ನುವುದನ್ನು ಹೇಳಬೇಕಿದೆ. ಮೈಯಾಡಿಸುವ ಆಟ "ಎಲ್ಲರಿಗೂ" ಅಂತ ಹೇಳಿದಾಗ ಆ ಎಲ್ಲರಲ್ಲಿ ಯಾರು ಇದ್ದರು, ಯಾರು ಹೊರಗುಳಿದರು ಅನ್ನುವುದನ್ನೂ ನೋಡಬೇಕಿದೆ.

ಬಟನ್ ಹುಟ್ಟುವ ಎಷ್ಟೋ ಮೊದಲೇ ಪರದೆಯ ಮೇಲಿನ ಬೊಂಬೆಯನ್ನು ಕೈಯಿಂದ ಆಡಿಸುವ ವಿದ್ಯೆ ನಮ್ಮ ಸೀಮೆಗೆ ಗೊತ್ತಿತ್ತು. ಧರ್ಮಾವರದ ಹತ್ತಿರ ನಿಮ್ಮಲಕುಂಟ ಅಂತ ಒಂದು ಊರಿದೆ. ಮಡಕಶಿರಾದ ಹಾಗೆ ಅದೂ 2022ರವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ತೊಗಲು ಗೊಂಬೆಗೆ ಹೆಸರಾದ ಊರು ಅದು. ಅಲ್ಲಿಯ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ತೊಗಲು ಗೊಂಬೆಯನ್ನು ಹಿಂದಿನಿಂದ ನೋಡಿದವರಿಗೆ ಗೊತ್ತಿರುತ್ತದೆ, ಬೊಂಬೆಯ ನಡುವೆ ಒಂದು ಉದ್ದ ಕಡ್ಡಿ, ಕೈಗಳಿಗೆ ಬೇರೆ ಸಣ್ಣ ಕಡ್ಡಿಗಳು. ಆಡಿಸುವವರು ಒಂದು ಕೈಯಲ್ಲಿ ನಡುಗಡ್ಡಿ ಹಿಡಿದು ಇನ್ನೊಂದು ಕೈಯ ಬೆರಳಲ್ಲಿ ಬೊಂಬೆಯ ತೋಳು ತಿರುಗಿಸುತ್ತಾರೆ. ಬೆರಳು ಒಂದಿಂಚು ಸರಿದರೆ ಪರದೆಯ ಮೇಲೆ ಹನುಮಂತನ ಕೈ ಒಂದು ಮೊಳ ಏಳುತ್ತದೆ. ಯುದ್ಧ ಬಂದಾಗ ಕಾಲಕೆಳಗಿನ ಹಲಗೆಯನ್ನು ದಡದಡ ತುಳಿಯುತ್ತಾರೆ, ಅವರ ಮೈಯೂ ಕುಣಿಯುತ್ತದೆ. ಆದರೆ ಬೊಂಬೆಯನ್ನು ಆಡಿಸುವುದು ಆ ಕುಣಿತವಲ್ಲ, ಕಡ್ಡಿ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಅಮೆರಿಕಕ್ಕೆ ಹೋಗೋಣ. 1958ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ ವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಲ್ಯಾಬ್ ನೋಡಲು ಬರುವ ಜನರಿಗೆ ಬೇಸರವಾಗಬಾರದೆಂದು ಆಸಿಲೋಸ್ಕೋಪ್ ಮೇಲೆ ಒಂದು ಟೆನಿಸ್ ಆಟ ಮಾಡಿದರು. ಬಿಎಸ್‌ಸಿ ಭೌತಶಾಸ್ತ್ರ ಓದಿದವರೆಲ್ಲ ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಮುಂದೆ ಕೂತು ಸೈನ್ ವೇವ್ ನೋಡಿ ಆಕಳಿಸಿದವರೇ. ಅದರ ಮೇಲೆ ಚೆಂಡು ಕುಣಿಸಬಹುದು ಅಂತ ನಮಗೆ ಹೊಳೆಯಲಿಲ್ಲ ನೋಡಿ! ಆಟಗಾರನ ಕೈಗೆ ಅವರು ಕೊಟ್ಟದ್ದು ಒಂದು ಸಣ್ಣ ಡಬ್ಬಿ. ಅದರಲ್ಲಿ ರೇಡಿಯೋದ ವಾಲ್ಯೂಮ್ ತಿರುಗಿಸುವಂಥ ಒಂದು ನಾಬ್, ಚೆಂಡು ಹೊಡೆಯಲು ಒಂದು ಬಟನ್, ಅಷ್ಟೇ. ಟೆನಿಸ್ ಅಂದರೆ ಇಡೀ ಮೈ ಆಡಿಸುವ ಆಟ. ಆದರೆ ಅದರ ಮೊದಲ ವಿಡಿಯೋ ರೂಪದಲ್ಲೇ ಮೈಯೆಲ್ಲ ಎರಡು ಬೆರಳಿಗೆ ಇಳಿದಿತ್ತು.

1962ರಲ್ಲಿ ಎಂಐಟಿಯ ಕೆಲವು ಯುವಕರು 'ಸ್ಪೇಸ್‌ವಾರ್' ಎಂಬ ಆಟ ಬರೆದರು. ಮೊದಲು ಅವರು ಕಂಪ್ಯೂಟರಿನ ಮೈಮೇಲಿದ್ದ ಸ್ವಿಚ್‌ಗಳನ್ನೇ ಒತ್ತಿ ಆಡುತ್ತಿದ್ದರು. ಮೊಣಕೈ ನೋವು ಬಂತು. ಕೈಯಲ್ಲಿ ಹಿಡಿಯುವಂಥ ಪುಟ್ಟ ಪೆಟ್ಟಿಗೆ ಮಾಡಿಕೊಂಡರು. ಕಂಟ್ರೋಲರ್ ಹುಟ್ಟಿದ್ದು ಹೀಗೆ, ಮೈನೋವು ತಪ್ಪಿಸಿಕೊಳ್ಳಲು. ಹಿರಿಯರು ಇದನ್ನು ಸೋಮಾರಿತನ ಅನ್ನಬಹುದು. ಆದರೆ ಬಾವಿಗೆ ರಾಟೆ ಹಾಕಿದ್ದೂ ಇದೇ ಕಾರಣಕ್ಕೆ ತಾನೇ?

1972ರಲ್ಲಿ ರಾಲ್ಫ್ ಬೇರ್ ಅವರ ಆಲೋಚನೆಯಿಂದ ಮನೆಗೆ ಬಂದ ಮೊದಲ ಗೇಮ್ ಯಂತ್ರ ಮ್ಯಾಗ್ನವಾಕ್ಸ್ ಒಡಿಸ್ಸಿ. ಅದರಲ್ಲೂ ನಾಬ್‌ಗಳೇ. ಆದರೆ ಅದರ ಜೊತೆಗೆ ಬೇರೆಯಾಗಿ ಒಂದು ಬಂದೂಕೂ ಸಿಗುತ್ತಿತ್ತು. ಟಿವಿ ಕಡೆ ಗುರಿ ಇಟ್ಟು ಹೊಡೆಯಬೇಕು. ಅಂದರೆ ಎರಡು ದಾರಿಯೂ ಮೊದಲ ದಿನದಿಂದಲೇ ಅಕ್ಕಪಕ್ಕ ಇದ್ದವು. ಒಂದರಲ್ಲಿ ಬೆರಳು ಚಿಹ್ನೆ ಕೊಡುತ್ತದೆ, ಇನ್ನೊಂದರಲ್ಲಿ ನಿಜವಾದ ಕೆಲಸದ ಹಾಗೆ ನಟಿಸಬೇಕು. ಆ ಬಂದೂಕನ್ನು ಉರಿಯುವ ಬಲ್ಬಿನ ಕಡೆ ತಿರುಗಿಸಿ ಹೊಡೆದರೂ ಗುರಿ ಮುಟ್ಟಿದ ಲೆಕ್ಕ ಆಗುತ್ತಿತ್ತಂತೆ. ನಟನೆ ಇದ್ದಲ್ಲಿ ಮೋಸಕ್ಕೂ ಜಾಗ ಇರುತ್ತದೆ ಅನ್ನುವುದು ಅಲ್ಲಿಂದಲೇ ಶುರು.

ಬಟನ್ ಕಂಟ್ರೋಲರ್‌ಗೆ ಈಗಿನ ರೂಪ ಕೊಟ್ಟವರು ಜಪಾನಿನ ನಿಂಟೆಂಡೊ ಕಂಪನಿಯ ಗುನ್‌ಪೇ ಯೋಕೋಯಿ. 1982ರಲ್ಲಿ ಪುಸ್ತಕದಂತೆ ಮಡಚುವ ಒಂದು ಪುಟ್ಟ ಆಟಿಕೆಗೆ 'ಡಾಂಕಿ ಕಾಂಗ್' ಆಟ ಹಾಕಬೇಕಿತ್ತು. ನಾಲ್ಕು ದಿಕ್ಕಿಗೂ ಓಡಾಡುವ ಆಟ. ಎದ್ದು ನಿಲ್ಲುವ ಜಾಯ್‌ಸ್ಟಿಕ್ ಇಟ್ಟರೆ ಮಡಚಲು ಆಗದು. ಅದಕ್ಕೆ ಅವರು ಚಪ್ಪಟೆಯಾದ ಪ್ಲಸ್ ಆಕಾರದ ಬಟನ್ ಮಾಡಿದರು. ಕಣ್ಣು ಪರದೆಯ ಮೇಲಿದ್ದರೂ ಹೆಬ್ಬೆರಳಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗುತ್ತದೆ, ಅದೇ ಅದರ ಗುಟ್ಟು. ಮರುವರ್ಷ, 1983ರಲ್ಲಿ, ನಿಂಟೆಂಡೊದ ಫ್ಯಾಮಿಕಾಮ್ ಎಂಬ ಟಿವಿ ಯಂತ್ರಕ್ಕೂ ಇದೇ ಪ್ಲಸ್ ಬಂತು. ಅದರ ನಕಲುಗಳು ದೇಶ ದೇಶ ಸುತ್ತಿ ಕೊನೆಗೆ ನಮ್ಮೂರಿಗೂ ಬಂದವು.

ಹೌದು, ರಾಯದುರ್ಗದಲ್ಲಿ, ಮಡಕಶಿರಾದಲ್ಲಿ, ಬಳ್ಳಾರಿಯಿಂದಲೋ ಹಿಂದೂಪುರದಿಂದಲೋ ತಂದು ಟಿವಿಗೆ ಸಿಕ್ಕಿಸುತ್ತಿದ್ದೆವಲ್ಲ, ಅದೇ ಯಂತ್ರ. 1990ರ ದಶಕದಲ್ಲಿ ಅಣ್ಣಂದಿರ ಕಾಲಕ್ಕೆ ಬಂದದ್ದು ನಮ್ಮ ಬಾಲ್ಯದವರೆಗೂ ಉಳಿಯಿತು. ಅದರ ಒಳಗೆ ಫ್ಯಾಮಿಕಾಮ್‌ನ ಕೆಲಸವನ್ನೆಲ್ಲ ಕಪ್ಪು ಅಂಟಿನ ತೊಟ್ಟಿನಂಥ ಒಂದೇ ಒಂದು ಚಿಪ್ ಮಾಡುತ್ತಿತ್ತು. ನಾವು ಅದರ ಕಾರ್ಟ್‌ರಿಜ್‌ಗೆ "ಕ್ಯಾಸೆಟ್" ಅನ್ನುತ್ತಿದ್ದೆವು, ಕಂಟ್ರೋಲರ್‌ಗೆ "ರಿಮೋಟ್" ಅನ್ನುತ್ತಿದ್ದೆವು. ಕ್ಯಾಸೆಟ್ ಮೇಲೆ ಲಕ್ಷಾಂತರ ಗೇಮ್ ಅಂತ ಬರೆದಿರುತ್ತಿತ್ತು, ಒಳಗೆ ಅದೇ ಹತ್ತಿಪ್ಪತ್ತು ಆಟ ಸುತ್ತಿ ಸುತ್ತಿ ಬರುತ್ತಿದ್ದವು. ನಿಂಟೆಂಡೊ ಹೆಸರನ್ನೇ ಕೇಳದ ಮಕ್ಕಳು ಮಾರಿಯೋವನ್ನು ಪಕ್ಕದ ಮನೆಯವನಷ್ಟು ಚೆನ್ನಾಗಿ ಬಲ್ಲವರಾಗಿದ್ದರು. 'ಕಾಂಟ್ರಾ' ಆಟದಲ್ಲಿ 30 ಜೀವ ಸಿಗಲು ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಬೇಕು ಅನ್ನುವುದು ಇಂಗ್ಲಿಷ್ ಓದಲು ಬಾರದವರಿಗೂ ಬಾಯಿಪಾಠ. ಬಾಯಿಪಾಠ ಅನ್ನುವುದಕ್ಕಿಂತ ಬೆರಳುಪಾಠ ಅನ್ನಬೇಕು. ಈಗಲೂ ನನ್ನ ಹೆಬ್ಬೆರಳಿಗೆ ಅದು ನೆನಪಿದೆ. ಕನ್ನಡ ಮೀಡಿಯಂ, ತೆಲುಗು ಮೀಡಿಯಂ ಅನ್ನುವ ಗಡಿಯೂ ಅಲ್ಲಿ ಇರಲಿಲ್ಲ. ನಾಲ್ಕು ದಿಕ್ಕು, ಎರಡು ಬಟನ್, ಅದೇ ಭಾಷೆ.

ಆ ಪೆಟ್ಟಿಗೆಯಲ್ಲೇ ಹಲವು ಸಲ ಒಂದು ಪ್ಲಾಸ್ಟಿಕ್ ಗನ್ನೂ ಇರುತ್ತಿತ್ತು. ಬಾತುಕೋಳಿ ಹಾರುತ್ತದೆ, ಹೊಡೆಯಬೇಕು. ತಪ್ಪಿದರೆ ನಾಯಿ ಎದ್ದು ನಗುತ್ತದೆ. 1984ರ 'ಡಕ್ ಹಂಟ್' ಆಟ ಅದು. ನಮ್ಮ ಕಡೆಯ ಮನೆಗಳಿಗೆ ಬಂದ ಮೊದಲ ಮೈಯಾಡಿಸುವ ಆಟ ಅಂತ ಹೇಳಬೇಕಾದರೆ ನಾನು ಈ ಗನ್ನನ್ನೇ ಹೇಳುತ್ತೇನೆ. ನಾವೆಲ್ಲ ಗನ್ನಿನಿಂದ ಏನೋ ಬೆಳಕು ಹೊರಟು ಟಿವಿಗೆ ತಗಲುತ್ತದೆ ಅಂದುಕೊಂಡಿದ್ದೆವು. ಅದು ತಲೆಕೆಳಗು. ಗನ್ನು ಏನನ್ನೂ ಹಾರಿಸುವುದಿಲ್ಲ, ಅದು ಟಿವಿಯನ್ನು ನೋಡುತ್ತದೆ. ಟ್ರಿಗರ್ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಗನ್ನಿನ ನಳಿಕೆಯೊಳಗಿನ ಬೆಳಕು ಗುರುತಿಸುವ ಭಾಗಕ್ಕೆ ಆ ಬಿಳಿ ಕಂಡರೆ ಪೆಟ್ಟು ಬಿದ್ದಿತು ಅಂತ ಲೆಕ್ಕ. ಹಳೆಯ ದಪ್ಪ ಟಿವಿಯಲ್ಲಿ ಚಿತ್ರ ತಡವಿಲ್ಲದೆ ಮೂಡುತ್ತಿದ್ದರಿಂದ ಈ ಲೆಕ್ಕ ಸರಿಹೋಗುತ್ತಿತ್ತು. ಗೋಡೆಗೆ ನೇತುಹಾಕುವ ತೆಳು ಟಿವಿಗಳು ಬಂದ ಮೇಲೆ ಚಿತ್ರ ಮೂಡುವುದು ಕಣ್ಣಿಗೆ ತಿಳಿಯದಷ್ಟು ತಡವಾಯಿತು, ಗನ್ನಿನ ಲೆಕ್ಕ ತಪ್ಪಿತು. ಗನ್ನು ಕೆಟ್ಟಿತು ಅಂತ ಎಷ್ಟೋ ಮನೆಯಲ್ಲಿ ಅಟ್ಟಕ್ಕೆ ಎಸೆದರು. ಅದು ಕೆಟ್ಟಿರಲಿಲ್ಲ, ಟಿವಿ ಬದಲಾಗಿತ್ತು. ಅದೇ ಯಂತ್ರದ ಬಟನ್ ರಿಮೋಟ್ ಮಾತ್ರ ಹೊಸ ಟಿವಿಯಲ್ಲೂ ನಡೆಯುತ್ತಿತ್ತು.

ಅತ್ತ ಹೊರದೇಶಗಳಲ್ಲಿ ಮೈಯನ್ನೇ ಕಂಟ್ರೋಲರ್ ಮಾಡುವ ಪ್ರಯತ್ನಗಳು ಒಂದರ ಹಿಂದೆ ಒಂದು ಬಂದು ಬಿದ್ದವು. ಬೇಗ ಹೇಳಿ ಮುಗಿಸುತ್ತೇನೆ. 1982ರ 'ಜಾಯ್‌ಬೋರ್ಡ್', ಮೇಲೆ ನಿಂತು ವಾಲಿದರೆ ಆಟ ನಡೆಯುವ ಹಲಗೆ. 1989ರ 'ಪವರ್ ಗ್ಲೋವ್', ಕೈಗೆ ಹಾಕುವ ಗವಸು. ಟಿವಿಗೆ ಅಂಟಿಸಿದ ಮೂರು ಕಿವಿಗಳು ಗವಸಿನಿಂದ ಬರುವ, ನಮಗೆ ಕೇಳಿಸದ ಶಬ್ದವನ್ನು ಹಿಡಿದು ಕೈ ಎಲ್ಲಿದೆ ಅಂತ ಲೆಕ್ಕ ಹಾಕುತ್ತಿದ್ದವು. ನೋಡಲು ಅದ್ಭುತ, ಆಡಲು ಹಿಂಸೆ. 1993ರ ಸೆಗಾ 'ಆ್ಯಕ್ಟಿವೇಟರ್' ಇನ್ನೂ ತಮಾಷೆ. ನೆಲದ ಮೇಲೆ ಎಂಟು ಮೂಲೆಯ ಬಳೆ ಇಟ್ಟು ಅದರೊಳಗೆ ನಿಲ್ಲಬೇಕು. ಬಳೆಯಿಂದ ಕಣ್ಣಿಗೆ ಕಾಣದ ಕಿರಣ ಚಾವಣಿಗೆ ಏಳುತ್ತದೆ, ಕೈಯಿಂದಲೋ ಕಾಲಿಂದಲೋ ಕಿರಣ ಅಡ್ಡಗಟ್ಟಿದರೆ ಬಟನ್ ಒತ್ತಿದಂತೆ. ನಮ್ಮ ಮನೆಗಳಲ್ಲಿ ಚಾವಣಿಯ ನಟ್ಟನಡುವೆ ಫ್ಯಾನ್ ತಿರುಗುತ್ತಿರುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯದುರ್ಗದಲ್ಲಿ ಫ್ಯಾನ್ ಆಫ್ ಮಾಡಿ ಆಡಿ ಅಂದರೆ ಯಾರು ಆಡುತ್ತಾರೆ?

ಇದೇ ಹೊತ್ತಿಗೆ ಬಟನ್ ಕಂಟ್ರೋಲರ್‌ಗಳೂ ಒಂದು ತಪ್ಪು ದಾರಿಗೆ ಹೊರಳಿದ್ದವು. ಆಟಗಳು ಚಪ್ಪಟೆ ಚಿತ್ರದಿಂದ ಮೂರು ಆಯಾಮಕ್ಕೆ ಬಂದಂತೆ ಬಟನ್ ಹೆಚ್ಚುತ್ತಾ ಹೋದವು. ಫ್ಯಾಮಿಕಾಮ್ ರಿಮೋಟಿನಲ್ಲಿ ಪ್ಲಸ್ ಬಿಟ್ಟರೆ ನಾಲ್ಕೇ ಬಟನ್ ಇದ್ದವು. 1997ರಲ್ಲಿ ಬಂದ ಸೋನಿಯ ಡ್ಯುಯಲ್‌ಶಾಕ್‌ನಲ್ಲಿ ಎರಡು ಕಡ್ಡಿ, ಒತ್ತುವ ಜಾಗಗಳು ದಿಕ್ಕುಗಳೂ ಸೇರಿ ಸುಮಾರು 16. ಆಡುವವರಿಗೆ ಅದು ಸಂಪತ್ತು. ಹೊಸಬರಿಗೆ ವಿಮಾನದ ಕಾಕ್‌ಪಿಟ್. ಅಜ್ಜಿಯ ಕೈಗೆ ಕೊಟ್ಟರೆ ಬಿಸಿ ಪಾತ್ರೆ ಹಿಡಿದವರಂತೆ ತಕ್ಷಣ ವಾಪಸ್ ಕೊಡುತ್ತಾರೆ. ವಿಡಿಯೋ ಗೇಮ್ ಅಂದರೆ ಹುಡುಗರದ್ದು, ಅದರಲ್ಲೂ ಗಂಡುಹುಡುಗರದ್ದು ಅನ್ನುವ ಮಾತು ಗಟ್ಟಿಯಾದದ್ದರಲ್ಲಿ ಈ ಕಂಟ್ರೋಲರ್‌ನ ಪಾಲೂ ಇದೆ ಅಂತ ನನ್ನ ಅನಿಸಿಕೆ.

ಈ ಭಯವನ್ನು ಗುರುತಿಸಿದವರು ನಿಂಟೆಂಡೊದ ಅಧ್ಯಕ್ಷರಾಗಿದ್ದ ಸತೋರು ಇವಾಟಾ. ಆಗ ಕಂಪನಿಯ ಸ್ಥಿತಿ ಚೆನ್ನಾಗಿರಲಿಲ್ಲ. ಅವರ ಗೇಮ್‌ಕ್ಯೂಬ್ ಯಂತ್ರ ಒಟ್ಟು 2 ಕೋಟಿ 17 ಲಕ್ಷದಷ್ಟೇ ಹೋಯಿತು, ಸೋನಿಯ ಪ್ಲೇಸ್ಟೇಷನ್ 2 ಅದರ ಎಷ್ಟೋ ಪಟ್ಟು. ಇನ್ನೂ ಶಕ್ತಿಯ ಯಂತ್ರ ಮಾಡಿ ಸೋನಿಯೊಡನೆ ಗುದ್ದಾಡುವ ಬದಲು, ಈವರೆಗೆ ಆಡದೇ ಇರುವವರ ಕೈಗೆ ಆಟ ಕೊಡೋಣ ಅಂದರು ಅವರು. ಟಿವಿ ರಿಮೋಟ್ ಮನೆಯಲ್ಲಿ ಎಲ್ಲರೂ ಹೆದರದೆ ಎತ್ತಿಕೊಳ್ಳುವ ವಸ್ತು. ಹಾಗಾಗಿ ಹೊಸ ಕಂಟ್ರೋಲರ್ ಅದರಂತೆಯೇ ಇರಬೇಕು, ಹೆಸರೂ ರಿಮೋಟ್ ಎಂದೇ ಇರಬೇಕು. (ನಮ್ಮೂರ ಹುಡುಗರು ಈ ಹೆಸರನ್ನು ಎಷ್ಟೋ ಮೊದಲೇ ಇಟ್ಟಿದ್ದರು, ಆದರೆ ಪೇಟೆಂಟ್ ಮಾಡಿಸಲಿಲ್ಲ!) 2006ರ ನವೆಂಬರ್‌ನಲ್ಲಿ 'ವೀ' ಬಂತು. ಟೆನಿಸ್ ಆಡಬೇಕೆಂದರೆ ರಿಮೋಟನ್ನು ರ‍್ಯಾಕೆಟ್ಟಿನಂತೆ ಬೀಸಿ, ಅಷ್ಟೇ. ಕಲಿಯುವುದೇನೂ ಇಲ್ಲ.

ಇದರ ಒಳಗಿನ ವಿಜ್ಞಾನ ಚೆನ್ನಾಗಿದೆ, ಸ್ವಲ್ಪ ನಿಲ್ಲೋಣ. ರಿಮೋಟಿನೊಳಗೆ ಅಕ್ಸೆಲೆರೋಮೀಟರ್ ಎಂಬ ಚಿಪ್ ಇದೆ. ಸಿಲಿಕಾನ್‌ನಲ್ಲೇ ಕೊರೆದ, ಕೂದಲಿಗಿಂತ ತೆಳುವಾದ ಸ್ಪ್ರಿಂಗ್‌ಗಳ ಮೇಲೆ ಒಂದು ಚೂರು ತೂಗಾಡುತ್ತಿರುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದೆ ವಾಲುತ್ತೇವಲ್ಲ, ಹಾಗೆ ರಿಮೋಟ್ ಬೀಸಿದಾಗ ಆ ಚೂರು ವಾಲುತ್ತದೆ. ವಾಲಿದಷ್ಟೂ ವಿದ್ಯುತ್ತಿನ ಅಳತೆ ಬದಲಾಗುತ್ತದೆ. ಕಾರಿನ ಏರ್‌ಬ್ಯಾಗ್ ತೆರೆಯಬೇಕೋ ಬೇಡವೋ ಎಂದು ಹೇಳುವುದೂ ಇದೇ ಜಾತಿಯ ಚಿಪ್. ಆದರೆ ಇದಕ್ಕೆ ಒಂದು ಕುರುಡಿದೆ. ವೇಗ ಬದಲಾದದ್ದು ಗೊತ್ತಾಗುತ್ತದೆ, ಕೈ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ರಿಮೋಟಿನ ಮೂತಿಯಲ್ಲಿ ಒಂದು ಪುಟ್ಟ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟರು. ಟಿವಿ ಮೇಲೆ 'ಸೆನ್ಸರ್ ಬಾರ್' ಅಂತ ಒಂದು ಪಟ್ಟಿ ಇಡಬೇಕು. ಹೆಸರು ಸೆನ್ಸರ್, ಆದರೆ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ದೀಪ ಉರಿಯುತ್ತದೆ ಅಷ್ಟೇ, ಕ್ಯಾಮೆರಾ ಅವನ್ನು ನೋಡಿ ತಾನೆಲ್ಲಿ ತಿರುಗಿದ್ದೇನೆಂದು ತಿಳಿಯುತ್ತದೆ. ಪಟ್ಟಿ ಮುರಿದುಹೋದವರು ಟಿವಿಯ ಎರಡು ಪಕ್ಕ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದರು! ಮೇಣದ ಜ್ವಾಲೆಯಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ದೇವಾಲಯದ ಮೇಣದಬತ್ತಿ ಪೆಟ್ಟಿಗೆಯ ಬಳಿ ಯಾರೂ ಸುಳಿಯಬೇಡಿ, ಮೊದಲೇ ಹೇಳಿದ್ದೇನೆ.

ಇವಾಟಾ ಅವರ ಲೆಕ್ಕ ಸರಿಯಾಯಿತು. ವೀ ಒಟ್ಟು 10 ಕೋಟಿ 16 ಲಕ್ಷ ಮಾರಾಟವಾಯಿತು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಅಜ್ಜ ಅಜ್ಜಿಯರು ಬೌಲಿಂಗ್ ತಂಡ ಕಟ್ಟಿ ಪಂದ್ಯ ಆಡಿದರು. ಭಾರ ಎತ್ತಲಾಗದ ಕೈಯಲ್ಲಿ ಚೆಂಡು ಉರುಳಿಸಿದ ಸಂತೋಷ. ಫಿಸಿಯೋಥೆರಪಿಯವರು ರೋಗಿಗಳಿಗೆ ಇದನ್ನು ಕೊಟ್ಟರು. ಇದು ಸಣ್ಣ ಸಾಧನೆ ಅಲ್ಲ, ಇದನ್ನು ಗಿಮಿಕ್ ಎಂದು ನಕ್ಕವರ ಮಾತನ್ನು ನಾನು ಒಪ್ಪುವುದಿಲ್ಲ. ಆಟದ ಬಾಗಿಲು ಮೊದಲ ಸಲ ಅಷ್ಟು ಅಗಲವಾಗಿ ತೆರೆದದ್ದು ಆಗಲೇ. ಕೆಲವರು ಉತ್ಸಾಹದಲ್ಲಿ ಬೀಸಿ ರಿಮೋಟ್ ಕೈಜಾರಿ ಟಿವಿಗೇ ಹೊಡೆದದ್ದೂ ಉಂಟು. ಕೈಗೆ ಕಟ್ಟುವ ದಾರ ಸಾಲದೆಂದು ಸುಮಾರು 32 ಲಕ್ಷ ದಾರಗಳನ್ನು ಕಂಪನಿ ಬದಲಾಯಿಸಿ ಕೊಡಬೇಕಾಯಿತು.

ಆದರೆ ಆಡುತ್ತಾ ಆಡುತ್ತಾ ಜನ ಒಂದು ವಿಷಯ ಕಂಡುಕೊಂಡರು. ಪೂರ್ತಿ ಕೈ ಬೀಸಬೇಕಿಲ್ಲ, ಸೋಫಾದಲ್ಲಿ ಒರಗಿ ಮಣಿಕಟ್ಟು ಚಿಟಿಕೆ ಹೊಡೆದಂತೆ ಆಡಿಸಿದರೂ ಚಿಪ್‌ಗೆ ಅದೇ ಟೆನಿಸ್ ಹೊಡೆತ. ಒಂದೆರಡು ವಾರದಲ್ಲಿ ಮೈಯಾಡಿಸುವ ಆಟ ಮತ್ತೆ ಬೆರಳಾಟವಾಯಿತು. ನಿಮ್ಮಲಕುಂಟದ ಕಡ್ಡಿ ನೆನಪಾಯಿತೇ? ಮನುಷ್ಯನ ಕೈ ತನಗೆ ಬೇಕಾದಷ್ಟೇ ಶ್ರಮ ಹಾಕುತ್ತದೆ. ಸಣ್ಣ ಚಲನೆಯಿಂದ ದೊಡ್ಡ ಫಲ ಬರುವುದಾದರೆ ದೊಡ್ಡ ಚಲನೆಯನ್ನು ಯಾರೂ ಬಹಳ ದಿನ ಮಾಡುವುದಿಲ್ಲ.

2010ರಲ್ಲಿ ಸೋನಿ ತುದಿಯಲ್ಲಿ ಬಣ್ಣದ ಚೆಂಡು ಹೊಳೆಯುವ 'ಮೂವ್' ತಂದಿತು. ಮುಂಬೈನ ಟ್ರೈನ್ ಗೇಮ್ಸ್ ಅದಕ್ಕಾಗಿಯೇ 2012ರಲ್ಲಿ 'ಮೂವ್ ಸ್ಟ್ರೀಟ್ ಕ್ರಿಕೆಟ್' ಮಾಡಿತು. ಗಲ್ಲಿ ಕ್ರಿಕೆಟ್ಟನ್ನು ಮನೆಯೊಳಗೆ ನಿಂತು, ಇಲ್ಲದ ಬ್ಯಾಟು ಬೀಸಿ ಆಡುವುದು. ಗಲ್ಲಿ ಹೊರಗೇ ಇರುವ ನಮ್ಮಂಥವರಿಗೆ ಅದರ ಅವಶ್ಯಕತೆ ಅಷ್ಟಾಗಿ ಇರಲಿಲ್ಲ ಬಿಡಿ.

ಅದೇ 2010ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಕಿನೆಕ್ಟ್' ತಂದಿತು. ಕೈಯಲ್ಲಿ ಏನೂ ಬೇಡ. ಕ್ಯಾಮೆರಾ ನಿಮ್ಮ ಮೈಯ 20 ಕೀಲುಗಳನ್ನು ಗುರುತಿಸುತ್ತದೆ, ನೀವೇ ಕಂಟ್ರೋಲರ್. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಆಯಿತು. ಆಮೇಲೆ ಮನೆಗಳು ಅಡ್ಡ ಬಂದವು. ಒಬ್ಬರು ಆಡಲು ಯಂತ್ರದಿಂದ ಸುಮಾರು 6 ಅಡಿ, ಇಬ್ಬರಿಗೆ 8 ಅಡಿ ದೂರ ನಿಲ್ಲಬೇಕು. ಹತ್ತಕ್ಕೆ ಹತ್ತು ಅಡಿಯ ಕೋಣೆ, ಅದರಲ್ಲೇ ಮಂಚ, ಬೀರು, ಹೊಲಿಗೆ ಮೆಷಿನ್, ಅಕ್ಕಿ ಮೂಟೆ ಇಟ್ಟುಕೊಂಡಿರುವ ನಮ್ಮ ಮನೆಗಳನ್ನು ಲೆಕ್ಕ ಹಾಕಿ. ಮೈಗೆ ಜಾಗ ಬೇಕು. ಜಾಗ ಅಂದರೆ ದುಡ್ಡು. ಬಟನ್ ಆಟಕ್ಕೆ ಒಂದು ಚಾಪೆ ಸಾಕು. ಜೊತೆಗೆ ಕ್ಯಾಮೆರಾ ನೋಡಿ, ಲೆಕ್ಕ ಹಾಕಿ, ಪರದೆಗೆ ತರುವಷ್ಟರಲ್ಲಿ ಕ್ಷಣದ ತಡ. ನೃತ್ಯದ ಆಟಗಳಿಗೆ ಅದು ನಡೆಯುತ್ತದೆ, ಓಡುವ ಗುರಿಗೆ ಹೊಡೆಯುವ ಆಟಕ್ಕೆ ನಡೆಯುವುದಿಲ್ಲ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟನ್ನು ಕಡ್ಡಾಯವಾಗಿ ಸೇರಿಸಿ 499 ಡಾಲರ್‌ಗೆ ಮಾರಿದರು, ಎದುರಾಳಿ ಪ್ಲೇಸ್ಟೇಷನ್ 4ರ ಬೆಲೆ 399. ವರ್ಷ ತುಂಬುವ ಮೊದಲೇ, 2014ರ ಜೂನ್‌ನಲ್ಲಿ, ಕಿನೆಕ್ಟ್ ಇಲ್ಲದ ಪೆಟ್ಟಿಗೆ ಅಂಗಡಿಗೆ ಬಂತು. 2017ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ನಿಂಟೆಂಡೊದ ಮುಂದಿನ ಯಂತ್ರ ವೀ ಯು ಸುಮಾರು 1 ಕೋಟಿ 35 ಲಕ್ಷಕ್ಕೇ ನಿಂತಿತು. ಅಜ್ಜ ಅಜ್ಜಿಯರು ಎರಡನೇ ಯಂತ್ರ ಕೊಳ್ಳಲು ಬರಲಿಲ್ಲ.

ಬಟನ್ ಏಕೆ ಉಳಿಯಿತು ಅನ್ನುವುದನ್ನು ನನಗೆ ಅರ್ಥ ಮಾಡಿಸಿದ್ದು ಇಂಟರ್‌ನೆಟ್ ಅಲ್ಲ, ರಾಯದುರ್ಗದ ಜೀನ್ಸ್ ಹೊಲಿಗೆ. ನಮ್ಮ ಎಷ್ಟೋ ಮನೆಗಳು ಅದರ ಮೇಲೆ ನಡೆಯುತ್ತವೆ. ಹೊಲಿಯುವ ಅಕ್ಕಂದಿರನ್ನು ಗಮನಿಸಿ. ಪಾದ ಪೆಡಲ್ ಮೇಲೆ ಒಂದು ಬೆರಳಷ್ಟು ಇಳಿಯುತ್ತದೆ, ಮೆಷಿನ್ ಓಡುತ್ತದೆ. ಬಟ್ಟೆ ದಪ್ಪ ಬಂದರೆ ಕೈಗೆ ತಿಳಿಯುತ್ತದೆ, ಕಣ್ಣಿಗಿಂತ ಮೊದಲು. ಪೆಡಲ್ ಕಾಲಿಗೆ ಎದುರು ಒತ್ತುತ್ತದೆ, ಬಟ್ಟೆ ಕೈಗೆ ಎದುರು ಒತ್ತುತ್ತದೆ. ಆ ಎದುರೊತ್ತು ಇಲ್ಲದಿದ್ದರೆ ಒಂದು ಪ್ಯಾಂಟೂ ನೆಟ್ಟಗೆ ಹೊಲಿಯಲಾಗದು. ಬಟನ್‌ನಲ್ಲಿ ಆ ಎದುರೊತ್ತು ಇದೆ. ಒತ್ತಿತು, ಬಿಟ್ಟಿತು, ಬೆರಳಿಗೆ ಗೊತ್ತು. ಗಾಳಿಯಲ್ಲಿ ಬೀಸಿದ ಕೈಗೆ ಬ್ಯಾಟಿಗೆ ಚೆಂಡು ತಗುಲಿದ್ದು ತಿಳಿಯುವುದೇ ಇಲ್ಲ. ಮೈಯಾಡಿಸುವ ಆಟ ಹೆಚ್ಚು ಸಹಜ ಅಂತ ಕಂಪನಿಗಳು ಹೇಳಿದವು. ಆದರೆ ಚೆಂಡೂ ಇಲ್ಲದ, ಭಾರವೂ ಇಲ್ಲದ ಜಾಗದಲ್ಲಿ ಕೈ ಬೀಸುವುದಕ್ಕಿಂತ ಅಸಹಜ ಇನ್ನೇನಿದೆ?

ಸಹಜ ಅನ್ನುವ ಮಾತಿನಲ್ಲಿ ಇನ್ನೊಂದು ತೊಡಕಿದೆ. ಯಾರಿಗೆ ಸಹಜ? ಮಡಕಶಿರಾ ಕಡೆಯ ನಮ್ಮ ಯುವಕೂಟದಲ್ಲಿ ಹುಟ್ಟಿನಿಂದ ಬಲಗೈ ಮೇಲೆತ್ತಲಾಗದ ಒಬ್ಬ ಹುಡುಗನಿದ್ದಾನೆ. ಒಂದು ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಯಾರೋ ಕ್ಯಾಮೆರಾ ನೋಡಿ ಆಡಿಸುವ ಯಂತ್ರ ತಂದಿದ್ದರು, ಯಾವ ಕಂಪನಿಯದೆಂದು ಇಲ್ಲಿ ಬೇಡ. ಆಟ ಶುರುವಾಗಬೇಕಾದರೆ ಎರಡೂ ಕೈ ಎತ್ತಿ ನಿಲ್ಲಬೇಕಿತ್ತು. ಯಂತ್ರ ಅವನಿಗಾಗಿ ಕಾಯುತ್ತಲೇ ಇತ್ತು. ಎಲ್ಲ ವಯಸ್ಸಿನವರೂ ಆಡಿದ ಆ ಸಂಜೆ ಅವನೊಬ್ಬ ಕುರ್ಚಿ ಜೋಡಿಸುವ ಕೆಲಸಕ್ಕೆ ಎದ್ದುಹೋದ. ಅದೇ ಹುಡುಗ ಹಳೆಯ ಬಟನ್ ರಿಮೋಟನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಎಡಗೈಯೊಂದರಲ್ಲೇ ಮಾರಿಯೋ ಆಡಿ ನಮ್ಮಲ್ಲಿ ಅರ್ಧ ಜನರನ್ನು ಸೋಲಿಸುತ್ತಾನೆ. ಬಟನ್‌ಗೆ ಯಾವ ಕೈ ಒತ್ತಿತು, ಬೆರಳೋ ಮೊಣಕೈಯೋ ಅನ್ನುವ ವಿಚಾರಣೆ ಇಲ್ಲ. ಒತ್ತಿದರೆ ಆಯಿತು.

ಗೇಮ್ ಕಂಪನಿಗಳಿಗೂ ಇದು ತಡವಾಗಿ ಅರ್ಥವಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ 'ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್' ತಂದಿತು. ಚಪ್ಪಟೆ ಹಲಗೆಯ ಮೇಲೆ ಊಟದ ತಟ್ಟೆಯ ನಡುಭಾಗದಷ್ಟು ದೊಡ್ಡ ಎರಡು ಬಟನ್, ಹಿಂಭಾಗದಲ್ಲಿ 19 ತೂತು. ಒಂದೊಂದು ತೂತಿಗೂ ಬೇಕಾದ ಸ್ವಿಚ್ ಸಿಕ್ಕಿಸಿ ಪಾದದಿಂದಲೋ ಗಲ್ಲದಿಂದಲೋ ಆಡಬಹುದು. 2023ರ ಡಿಸೆಂಬರ್‌ನಲ್ಲಿ ಸೋನಿಯೂ 'ಆ್ಯಕ್ಸೆಸ್' ಎಂಬ ಹೆಸರಿನಲ್ಲಿ ಇಂಥದ್ದನ್ನು ತಂದಿತು. ಬೆಲೆ ಇನ್ನೂ ನಮ್ಮ ಕೈಗೆ ಎಟುಕುವುದಿಲ್ಲ. ಆದರೆ 3.5 ಮಿಲಿಮೀಟರ್ ಪಿನ್, ಅಂದರೆ ಇಯರ್‌ಫೋನ್ ಪಿನ್ನೇ, ಆ ಸ್ವಿಚ್‌ಗಳಿಗೂ ಬಳಸುವುದು. ಎಲೆಕ್ಟ್ರಾನಿಕ್ಸ್ ಓದುತ್ತಿರುವವರು ಗಮನಿಸಿ.

ಹಾಗಾದರೆ ಮೈಯಾಡಿಸುವ ಆಟ ಸತ್ತುಹೋಯಿತೇ? ಇಲ್ಲ, ಅದು ಅಂಗಿ ಬದಲಿಸಿ ನಿಮ್ಮ ಜೇಬಿನಲ್ಲಿದೆ. 2010ರಲ್ಲಿ ಐಫೋನ್ 4ರೊಂದಿಗೆ ಫೋನಿಗೆ ಜೈರೋಸ್ಕೋಪ್ ಬಂತು, ತಿರುಗಿದ್ದನ್ನು ಅಳೆಯುವ ಚಿಪ್. 2015ರಲ್ಲಿ ನಿಂಟೆಂಡೊದ 'ಸ್ಪ್ಲಾಟೂನ್' ಆಟ ಒಂದು ಹೊಂದಾಣಿಕೆ ಮಾಡಿತು. ಓಡುವುದು, ನೆಗೆಯುವುದು ಬಟನ್ ಕಡ್ಡಿಗಳ ಕೆಲಸ, ಗುರಿಯನ್ನು ಕೂದಲೆಳೆಯಷ್ಟು ಸರಿಪಡಿಸುವುದು ಮಣಿಕಟ್ಟಿನ ಕೆಲಸ. 2017ರ ಸ್ವಿಚ್ ಯಂತ್ರದಲ್ಲೂ ಇದು ಮುಂದುವರಿಯಿತು. ನಮ್ಮ ಹುಡುಗರಿಗೆ ಇದು ಪಬ್‌ಜಿಯಲ್ಲಿ ಸಿಕ್ಕಿತು, 2020ರ ಸೆಪ್ಟೆಂಬರ್‌ನಲ್ಲಿ ಅದು ನಿಷೇಧವಾಗಿ 2021ರ ಜುಲೈನಲ್ಲಿ ಬಿಜಿಎಂಐ ಬಂದ ಮೇಲೆ ಅದರಲ್ಲೂ ಸಿಕ್ಕಿತು. ಈಗ ಫೋನ್ ಅಂಗಡಿಯಲ್ಲಿ ಹುಡುಗರು ಕ್ಯಾಮೆರಾಗಿಂತ ಮೊದಲು "ಜೈರೋ ಇದೆಯಾ ಅಣ್ಣ?" ಅಂತ ಕೇಳುತ್ತಾರೆ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಅದು ಇರುವುದಿಲ್ಲ. ಪೆಟ್ಟಿಗೆ ಅಂಗಡಿ ಕಟ್ಟೆಯ ಮೇಲೆ ಆಡುತ್ತಿರುವವರ ಕೈ ನೋಡಿ. ಹೆಬ್ಬೆರಳು ಗಾಜಿನ ಮೇಲೆ ಓಡುತ್ತಿರುತ್ತದೆ, ಫೋನು ಗೋಧಿಕಾಳಿನಷ್ಟು ಅತ್ತಿತ್ತ ವಾಲುತ್ತಿರುತ್ತದೆ. ಅರ್ಧ ಬಟನ್, ಅರ್ಧ ಮೈ. ಅಪ್ಪ ಅಮ್ಮಂದಿರಿಗೆ ಅದು ಕಾಣುವುದೇ ಇಲ್ಲ.

ಇನ್ನೊಂದು ವಿಷಯ. ಧರ್ಮಕೇಂದ್ರದ ಸಾಮಾನಿನ ಕೋಣೆಯಲ್ಲಿ ಹಳೆಯ ದಪ್ಪ ಟಿವಿ ಒಂದಿದೆ, ಪರೀಕ್ಷಿಸಿದ್ದೇನೆ, ಚಿತ್ರ ಬರುತ್ತದೆ. ಯಾರ ಮನೆಯ ಅಟ್ಟದಲ್ಲಾದರೂ ಆ ಪ್ಲಾಸ್ಟಿಕ್ ಗನ್ನು, ಬಾತುಕೋಳಿಯ ಕ್ಯಾಸೆಟ್, ರಿಮೋಟ್ ಇದ್ದರೆ ಬೇಸಿಗೆ ಶಿಬಿರದೊಳಗೆ ತಂದುಕೊಡಿ. ಅಡಾಪ್ಟರ್ ಇಲ್ಲದಿದ್ದರೂ ಪರವಾಗಿಲ್ಲ, ಬಳ್ಳಾರಿಯಲ್ಲಿ ಸಿಗುತ್ತದೆ.